ಆರನೇ ತರಗತಿಯ ಗಾಳಿ ಲೆಕ್ಕ

ಶಾಲೆಯಿಂದ ಬಂದ ಕೂಡಲೇ ಚೀಲವನ್ನು ಸೋಫಾದ ಮೇಲೆಸೆದು, "ತಾತ, ತಲೆನೋವು" ಎಂದು ಮಲಗಿಬಿಡುವುದು ನಮ್ಮ ಮೊಮ್ಮಗಳಿಗೆ ಕಳೆದ ವರ್ಷ ಅಭ್ಯಾಸವೇ ಆಗಿಹೋಗಿತ್ತು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತೇವೆ. ಮೈಸೂರಿನ ಒಂದು ಶಾಲೆಯಲ್ಲಿ ಆರನೇ ತರಗತಿ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕುಣಿದಾಡುವ ಹುಡುಗಿಗೆ ಸೋಮವಾರ ಸಂಜೆ ತಲೆನೋವು!

ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣು ಚೆನ್ನಾಗಿದೆ ಎಂದರು. ಅಷ್ಟರಲ್ಲಿ ಶಾಲೆಯ ಡೈರಿಯಲ್ಲಿ ಒಂದು ಸಾಲು ಬಂತು: ಕೊನೆಯ ಪೀರಿಯಡ್‌ಗಳಲ್ಲಿ ತೂಕಡಿಸುತ್ತಾಳೆ, ಮನೆಯಲ್ಲಿ ಗಮನ ಕೊಡಿ. ಅದಕ್ಕೆ ಸಹಿ ಹಾಕಿದವನು ನಾನೇ. ಸಹಿ ಹಾಕಿ ಸುಮ್ಮನಿರಲಿಲ್ಲ. "ರಾತ್ರಿ ಹೊದಿಕೆಯೊಳಗೆ ಮೊಬೈಲ್ ನೋಡ್ತೀಯ, ಬೆಳಿಗ್ಗೆ ಅರ್ಧ ತಿಂಡಿ ಬಿಟ್ಟು ಓಡ್ತೀಯ, ತಲೆ ನೋಯದೆ ಇನ್ನೇನು" ಎಂದು ಚೆನ್ನಾಗಿ ಬೈದೆ. ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಅತ್ತಳು. ಮೊಬೈಲ್ ಹೋದರೂ ತಲೆನೋವು ಹೋಗಲಿಲ್ಲ.

ಡಿಸೆಂಬರ್‌ನಲ್ಲಿ ಅವಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ ಮಾಡಿದರು. ಮಕ್ಕಳ ಪಾಠ ಹೇಗೆ ನಡೆಯುತ್ತದೆ ಎಂದು ತೋರಿಸಲು ನಮ್ಮಂಥ ಏಳೆಂಟು ಜನರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಗೋಡೆಗೆ ಹೊಸ ಡಿಜಿಟಲ್ ಬೋರ್ಡ್. ಅದು ಚೆನ್ನಾಗಿ ಕಾಣಲೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆದಿದ್ದರು. ಬಾಗಿಲೂ ಮುಚ್ಚಿತ್ತು. ಫ್ಯಾನ್ ತಿರುಗುತ್ತಿತ್ತು. ಸೌರವ್ಯೂಹದ ಪಾಠ, ಟೀಚರ್ ಬಹಳ ಚೆನ್ನಾಗಿ ಹೇಳುತ್ತಿದ್ದರು. ಆದರೂ ಶನಿಗ್ರಹಕ್ಕೆ ಬರುವಷ್ಟರಲ್ಲಿ ನನ್ನ ರೆಪ್ಪೆ ಭಾರವಾದವು. ಬ್ಯಾಂಕಿನ ಕೌಂಟರ್‌ನಲ್ಲಿ 37 ವರ್ಷ ಕಣ್ಣು ಮಿಟುಕಿಸದೆ ನೋಟು ಎಣಿಸಿದ ಮನುಷ್ಯ ನಾನು! ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಆಗಲೇ ಗೋಡೆಗೊರಗಿದ್ದರು.

ಗಂಟೆ ಹೊಡೆದು ವರಾಂಡಕ್ಕೆ ಬಂದಾಗ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ತಲೆ ಹಗುರವಾಯಿತು. ಆಗ ಎದೆಯಲ್ಲಿ ಚುಚ್ಚಿದಂತಾಯಿತು. ಒಂದು ಗಂಟೆ ಕೂತ ನನಗೇ ಹೀಗಾದರೆ, ದಿನಕ್ಕೆ ಆರು ಗಂಟೆ ಕೂರುವ ಮಗುವನ್ನು ನಾನು ಯಾಕೆ ಬೈದೆ?

ಹೆಂಚಿನ ಶಾಲೆ, ತಾರಸಿ ಶಾಲೆ

ನಾನು ಓದಿದ್ದು ಹಾಸನ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ನಾಡಿನ ಊರೂರಿಗೂ ಬಂತು. ಹೆಂಚು ಹೆಂಚಿನ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಮಕ್ಕಳ ಉಸಿರಿನಿಂದ, ಮೈ ಶಾಖದಿಂದ ಬಿಸಿಯಾದ ಗಾಳಿ ಮೇಲೇರುತ್ತದೆ, ಆ ಸಂದುಗಳಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಕಿಟಕಿ ಬಾಗಿಲುಗಳಿಂದ ತಂಪು ಗಾಳಿ ಒಳಗೆ ಬರುತ್ತದೆ. ಹಿಂದಿನವರು ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇಡುತ್ತಿದ್ದುದೂ, ತೊಟ್ಟಿ ಮನೆಯ ನಡುವೆ ಆಕಾಶಕ್ಕೆ ಬಾಯಿ ಬಿಟ್ಟ ಅಂಗಳ ಬಿಡುತ್ತಿದ್ದುದೂ ಇದೇ ಲೆಕ್ಕದ ಮೇಲೆ.

ಹಾಗೆಂದು ನಮ್ಮ ಕಾಲವೇ ಸ್ವರ್ಗ ಎನ್ನಲಾರೆ. ಮಳೆಗಾಲದಲ್ಲಿ ನಮ್ಮ ಶಾಲೆ ಸೋರುತ್ತಿತ್ತು, ಸ್ಲೇಟಿನ ಮೇಲೆ ಹನಿ ಬೀಳುತ್ತಿತ್ತು. ಮನೆಗೆ ಬಂದರೆ ಹಸಿ ಸೌದೆಯ ಒಲೆಯ ಹೊಗೆ. ನಮ್ಮಮ್ಮ ಕೊನೆಯವರೆಗೂ ಕೆಮ್ಮುತ್ತಲೇ ಇದ್ದರು. ಹೊಗೆಯ ಕಷ್ಟ ನನಗೆ ಚೆನ್ನಾಗಿ ಗೊತ್ತು. ಆದರೆ ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದ ಕೆಟ್ಟ ಗಾಳಿಯ ವಿಷಯ ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿಕೊಟ್ಟವನು ನನ್ನ ಮಗ.

ಹತ್ತು ಲಕ್ಷ ರೂಪಾಯಿಯಲ್ಲಿ ಎಷ್ಟು?

ಮಗ ಇರುವುದು ಜರ್ಮನಿಯಲ್ಲಿ. ಸಂಕ್ರಾಂತಿಗೆ ಬಂದಿದ್ದ. ತಂಗಿಯ ಮಗಳ ತಲೆನೋವಿನ ಕಥೆ ಕೇಳಿದವನೇ ಸೂಟ್‌ಕೇಸಿನಿಂದ ಅಂಗೈಯಗಲದ ಒಂದು ಪೆಟ್ಟಿಗೆ ತೆಗೆದ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ತೋರಿಸುವ ಮೀಟರ್ ಅದು. ಕೊರೊನಾ ಕಾಲದಲ್ಲಿ ಅಲ್ಲಿನ ಎಷ್ಟೋ ತರಗತಿಗಳಿಗೆ ಇಂಥದ್ದು ಬಂತಂತೆ. ಚಳಿಗಾಲವಾದರೂ ಸರಿ, ಪಾಠದ ನಡುವೆ 20 ನಿಮಿಷಕ್ಕೊಮ್ಮೆ ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಗಾಳಿ ಆಡಿಸಬೇಕೆಂದು ಅಲ್ಲಿನ ಪರಿಸರ ಇಲಾಖೆ 2020ರಲ್ಲಿ ಹೇಳಿತು. ನನ್ನ ಮೊಮ್ಮಗ ಸ್ವೆಟರ್, ಜಾಕೆಟ್ ಹಾಕಿಕೊಂಡೇ ಪಾಠ ಕೇಳಿದ್ದನಂತೆ.

ಮೀಟರ್‌ನಲ್ಲಿ ಬರುವ ಅಂಕಿಯ ಮುಂದೆ ಪಿಪಿಎಂ ಎಂದಿರುತ್ತದೆ. ಹಾಗೆಂದರೆ ಹತ್ತು ಲಕ್ಷಕ್ಕೆ ಎಷ್ಟು ಎಂದು. ಮಕ್ಕಳೇ, ಗಾಳಿಯನ್ನು ಹತ್ತು ಲಕ್ಷ ರೂಪಾಯಿ ಎಂದುಕೊಳ್ಳಿ. ಇಂದು ಹೊರಗಿನ ಶುದ್ಧ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು ಸುಮಾರು 420 ರೂಪಾಯಿ. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000 ರೂಪಾಯಿ! ಅಂದರೆ ಹೆಚ್ಚು ಕಡಿಮೆ ನೂರು ಪಟ್ಟು.

ಈಗ ಪುಟ್ಟಿಯ ತರಗತಿಯ ಲೆಕ್ಕ ಹಾಕೋಣ. ಕೋಣೆ 24 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ಗುಣಿಸಿದರೆ 4,800 ಘನ ಅಡಿ, ಅಂದರೆ ಸುಮಾರು 1,36,000 ಲೀಟರ್ ಗಾಳಿ. ಒಳಗೆ 45 ಮಕ್ಕಳು, ಒಬ್ಬರು ಟೀಚರ್. ಕೂತು ಪಾಠ ಕೇಳುವ ಮಗು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. 46 ಜನರಿಗೆ 552 ಲೀಟರ್. ಇದನ್ನು 1,36,000ದಿಂದ ಭಾಗಿಸಿ ಹತ್ತು ಲಕ್ಷದಿಂದ ಗುಣಿಸಿ. ಸುಮಾರು 4,000 ಬರುತ್ತದೆ. ಒಂದಿಷ್ಟೂ ಗಾಳಿ ಸೋರದ ಕೋಣೆಯಾದರೆ ಒಂದೇ ಗಂಟೆಯಲ್ಲಿ 420 ಇದ್ದದ್ದು 4,400 ದಾಟುತ್ತದೆ. ಬಾಗಿಲ ಸಂದಿನಿಂದ ಸ್ವಲ್ಪ ಸೋರುವುದರಿಂದ ಅಷ್ಟಾಗುವುದಿಲ್ಲ. ಬರೀ ಜಮಾ ಇದ್ದು ಖರ್ಚೇ ಇಲ್ಲದ ಖಾತೆ ಬೆಳೆಯುತ್ತಲೇ ಹೋಗುತ್ತದಲ್ಲ, ಹಾಗೆ ಇದು.

ಎಷ್ಟಿದ್ದರೆ ಸರಿ? ಇದಕ್ಕೆ ಉತ್ತರ ಹುಡುಕಿದವರು ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್. 1858ರಲ್ಲೇ ಅವರು, ಜನ ವಾಸಿಸುವ ಕೋಣೆಯಲ್ಲಿ ಇದು 1,000 ದಾಟಬಾರದು ಎಂದರು. ಆಗ ಮೀಟರ್ ಎಲ್ಲಿತ್ತು? ಸುಣ್ಣದ ತಿಳಿಯಂತೆಯೇ ವರ್ತಿಸುವ ಬೇರಿಯಂ ನೀರಿನಿಂದ ಅಳೆಯುತ್ತಿದ್ದರು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಹಾಲಿನಂತೆ ಬೆಳ್ಳಗಾಗುವುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ದೊಡ್ಡವರು ಜೊತೆಯಲ್ಲಿದ್ದಾಗ ಮಾತ್ರ ಮಾಡಿ. ಆ ನೀರು ಬಾಯಿಗೂ ಕಣ್ಣಿಗೂ ಹೋಗಕೂಡದು.

ಇಂದಿಗೂ ಅದೇ 1,000 ಎಂಬ ಗಡಿ ಎಷ್ಟೋ ಕಡೆ ಬಳಕೆಯಲ್ಲಿದೆ. ಜರ್ಮನಿಯಲ್ಲಿ 1,000ದವರೆಗೆ ಹಸಿರು, 2,000ದವರೆಗೆ ಹಳದಿ, ಅದಕ್ಕೂ ಮೇಲೆ ಕೆಂಪು ಎಂದು ಎಣಿಸುತ್ತಾರೆ. ಒಂದು ಮಾತು ನೆನಪಿರಲಿ. 2,000 ಬಂತೆಂದರೆ ವಿಷವಾಯಿತು ಎಂದಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂಬುದರ ಗುರುತು ಅದು. ಅಂಥ ಕೋಣೆಯಲ್ಲಿ ಮಂಕು ಕವಿಯುತ್ತದೆ, ಗಮನ ಜಾರುತ್ತದೆ, ಕೆಲವರಿಗೆ ತಲೆ ನೋಯುತ್ತದೆ. ಒಬ್ಬರಿಗೆ ನೆಗಡಿ ಬಂದರೆ ಇಡೀ ಸಾಲಿಗೆ ಹರಡುವುದೂ ಸುಲಭ.

ಜೇಬಿನಲ್ಲೇ ಉಳಿದ ಪತ್ರ

ನಾನು ನಾಲ್ಕು ಪುಟದ ದೂರು ಬರೆದು, ಅಂಕಿ ಅಂಶ ಸೇರಿಸಿ, ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದೆ. ತರಗತಿಯ ಟೀಚರ್ ಎದ್ದು ಕುರ್ಚಿ ಕೊಟ್ಟರು. ಕಿಟಕಿಯ ಮಾತು ತೆಗೆದ ಕೂಡಲೇ ಅವರ ಮುಖದಲ್ಲಿ ದಣಿವು ಕಾಣಿಸಿತು.

"ಸರ್, ಕಿಟಕಿ ತೆಗೆಯಬಾರದು ಅಂತ ನಮಗೇನೂ ಹಠ ಇಲ್ಲ. ಒಂದು ದಿನ ಬೆಳಿಗ್ಗೆಯಿಂದ ಬಂದು ಕೂತ್ಕೊಳ್ಳಿ, ನಿಮಗೇ ಗೊತ್ತಾಗುತ್ತೆ" ಎಂದರು.

ಹೋಗಿ ಕೂತೆ. ರಸ್ತೆ ಕಡೆಯ ಕಿಟಕಿ ತೆರೆದರೆ ಬಸ್ಸು, ಆಟೋಗಳ ಹಾರ್ನ್. ಟೀಚರ್ ಗಂಟಲು ಹರಿದುಕೊಳ್ಳಬೇಕು. ಒಂಬತ್ತೂವರೆಗೆ ಸರಿಯಾಗಿ ಕಾಂಪೌಂಡ್ ಪಕ್ಕದಲ್ಲಿ ಯಾರೋ ಒಣಗಿದ ಎಲೆಯ ರಾಶಿಗೆ ಬೆಂಕಿ ಇಟ್ಟರು. ಹೊಗೆ ನೇರವಾಗಿ ಒಳಗೆ ಬಂತು. ಮೂವರು ಮಕ್ಕಳಿಗೆ ಉಬ್ಬಸವಿದೆ, ಚೀಲದಲ್ಲಿ ಇನ್ಹೇಲರ್ ಇಟ್ಟುಕೊಂಡೇ ಬರುತ್ತಾರೆ ಎಂದು ಟೀಚರ್ ಕಿಟಕಿ ಮುಚ್ಚುತ್ತಾ ಹೇಳಿದರು. ಬೋರ್ಡಿನ ಪಕ್ಕದ ಕಿಟಕಿ ತೆರೆದರೆ ಬೆಳಕು ಬಿದ್ದು ಅಕ್ಷರ ಕಾಣದು. ಮೇಲಿನ ಎರಡು ಗವಾಕ್ಷಿಗಳಿಂದ ಪಾರಿವಾಳ ಬರುತ್ತಿದ್ದವೆಂದು ರಟ್ಟು ಅಂಟಿಸಿ ಬಣ್ಣ ಬಳಿದಿದ್ದರು.

ನನ್ನ ನಾಲ್ಕು ಪುಟದ ಪತ್ರ ಜೇಬಿನಲ್ಲೇ ಉಳಿಯಿತು. ಬದಲಿಗೆ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು, "ಮೇಡಂ, ದೂರು ಹೇಳಲು ಬಂದಿದ್ದೆ. ಈಗ ಒಂದು ಅನುಮತಿ ಕೇಳ್ತೀನಿ. ಒಂದು ವಾರ ಮಕ್ಕಳ ಕೈಯಲ್ಲಿ ಗಾಳಿಯ ಲೆಕ್ಕ ಬರೆಸಬಹುದೇ?" ಎಂದೆ. ಅವರು ನಕ್ಕು ಒಪ್ಪಿದರು.

ಗಾಳಿ ಗುಮಾಸ್ತರು

ಉದ್ದನೆಯ ಒಂದು ಪುಸ್ತಕ ತಂದು ಬ್ಯಾಂಕಿನ ಲೆಡ್ಜರಿನಂತೆ ಗೆರೆ ಹಾಕಿದೆ. ಸಮಯ, ಹಾಜರಿ, ತೆರೆದ ಕಿಟಕಿ ಎಷ್ಟು, ಫ್ಯಾನ್ ಇದೆಯೇ, ಮೀಟರಿನ ಅಂಕಿ, ಷರಾ. ದಿನಕ್ಕಿಬ್ಬರು ಮಕ್ಕಳು ಸರದಿಯ ಮೇಲೆ ಬರೆಯಬೇಕು. ಅವರೇ ತಮಗೆ 'ಗಾಳಿ ಗುಮಾಸ್ತರು' ಎಂದು ಹೆಸರಿಟ್ಟುಕೊಂಡರು. ಗೀಚಿ ತಿದ್ದುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಬೇಕು. ಬ್ಯಾಂಕಿನಲ್ಲಿ ನಾವು ಹಾಗೆಯೇ ಮಾಡುತ್ತಿದ್ದೆವು.

ಮೊದಲ ದಿನ ಎಂದಿನಂತೆ ಎಲ್ಲ ಮುಚ್ಚಿತ್ತು. ಬೆಳಿಗ್ಗೆ 480. ಮೊದಲ ಪೀರಿಯಡ್ ಮುಗಿಯುವಾಗ 2,010. ಊಟದ ಗಂಟೆಗೆ ಮುಂಚೆ 2,690. ಕೊನೆಯ ಪೀರಿಯಡ್‌ನಲ್ಲಿ 2,740. ಡೈರಿಯಲ್ಲಿ ತೂಕಡಿಕೆಯ ಸಾಲು ಬರೆಸಿದ್ದು ಇದೇ ಪೀರಿಯಡ್!

ಎರಡನೆಯ ದಿನ ಒಂದೇ ಗೋಡೆಯ ಕಿಟಕಿಗಳನ್ನು ತೆರೆದೆವು. 1,600ರ ಆಸುಪಾಸಿನಲ್ಲಿ ನಿಂತಿತು. ಫ್ಯಾನ್ ಹಾಕಿದರೂ ಆರಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ, ಹೊಸ ಗಾಳಿ ತರುವುದಿಲ್ಲ.

ಮೂರನೆಯ ದಿನ ಕಿಟಕಿ ಮುಚ್ಚಿಟ್ಟು, ಜರ್ಮನಿಯ ಕ್ರಮದಂತೆ 20 ನಿಮಿಷಕ್ಕೊಮ್ಮೆ ಐದು ನಿಮಿಷ ಎಲ್ಲ ತೆರೆದೆವು. ತೆರೆದಾಗ 700ಕ್ಕೆ ಇಳಿಯುವುದು, ಮುಚ್ಚಿದಾಗ 1,600ಕ್ಕೆ ಏರುವುದು. ಪರವಾಗಿಲ್ಲ, ಆದರೆ ಪಾಠಕ್ಕೆ ಅಡ್ಡಿ. ಮೈನಡುಗಿಸುವ ಚಳಿಯ ದೇಶಕ್ಕೆ ಅದು ಸರಿ. ವರ್ಷವಿಡೀ ಕಿಟಕಿ ತೆರೆದಿಡಬಹುದಾದ ನಮ್ಮೂರಿಗೆ ಯಾಕೆ?

ನಾಲ್ಕನೆಯ ದಿನಕ್ಕೆ ಶಾಲೆಯ ಬಡಗಿಯನ್ನು ಕರೆಸಿ ಗವಾಕ್ಷಿಗಳ ರಟ್ಟು ತೆಗೆಸಿ, ಪಾರಿವಾಳ ಬಾರದಂತೆ ತಂತಿ ಬಲೆ ಹೊಡೆಸಿದರು. ವರಾಂಡದ ಕಡೆ ಎರಡು ಕಿಟಕಿ, ಎದುರು ಗೋಡೆಯಲ್ಲಿ ಹಿಂಬದಿಯ ಒಂದು ಕಿಟಕಿ, ಮೇಲೆ ಗವಾಕ್ಷಿ, ಇಷ್ಟನ್ನು ತೆರೆದಿಟ್ಟರು. ಬೋರ್ಡಿನ ಪಕ್ಕದ ಕಿಟಕಿಗೆ ಮಾತ್ರ ಪರದೆ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲು ದಾರಿಯಾಯಿತು. ಆ ದಿನ ಅಂಕಿ 900 ದಾಟಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ಬಲೆ, ಕೀಲಿಗೆ ಎಣ್ಣೆ, ಬಡಗಿಯ ಕೂಲಿ ಎಲ್ಲ ಸೇರಿ ಖರ್ಚು ಮೂರು ಸಾವಿರದೊಳಗೆ.

ಎಲೆಯ ರಾಶಿ ಯಾರದು?

ಉಳಿದದ್ದು ಹೊಗೆ. ಮಕ್ಕಳೇ, ಈ ಮೀಟರ್ ಹೊಗೆಯನ್ನು ಕಾಣದು. 600 ಎಂದು ತೋರಿಸುತ್ತಲೇ ಹೊಗೆ ತುಂಬಿರಬಹುದು. ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕವು, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣ. ಮೂಗಿನ ಕೂದಲಿಗೆ ಸಿಗದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಆದ್ದರಿಂದ ಅವರಿಗೇ ಹೆಚ್ಚು ತೊಂದರೆ.

ನಗರಪಾಲಿಕೆಗೆ ಬರೆಯೋಣವೆಂದು ಮಕ್ಕಳು ಸಿದ್ಧರಾದರು. ರಸ್ತೆ, ಸಾರ್ವಜನಿಕ ಜಾಗಗಳಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಬರೆಯುವ ಮುಂಚೆ ರಾಶಿ ಯಾರದೆಂದು ನೋಡಿಬನ್ನಿ ಎಂದೆ. ಇಬ್ಬರು ಗುಮಾಸ್ತರು ಬೆಳಿಗ್ಗೆ ಬೇಗ ಬಂದು ನೋಡಿದರು. ಎಲೆಗಳು ನಮ್ಮ ಶಾಲೆಯ ಹೊಂಗೆ ಮರಗಳವು! ಆಯಾ ಗುಡಿಸಿ ಗೇಟಿನ ಹೊರಗೆ ಒಟ್ಟುತ್ತಿದ್ದರು, ಕಾವಲುಗಾರ ಕಡ್ಡಿ ಗೀರುತ್ತಿದ್ದರು. ಅವರದೂ ತಪ್ಪಲ್ಲ. ಎಲೆಯನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೈದಾನದ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಸಿದರು. ಮರುದಿನದಿಂದ ಒಂಬತ್ತೂವರೆಯ ಹೊಗೆ ನಿಂತಿತು. ಬಸ್ಸುಗಳ ಹೊಗೆ ಇದ್ದೇ ಇದೆ. ಅದಕ್ಕೇ ಬೆಳಿಗ್ಗೆ ಹತ್ತರವರೆಗೆ ರಸ್ತೆ ಕಡೆಯ ಕಿಟಕಿ ಮುಚ್ಚಿ, ವರಾಂಡದ ಕಡೆಯದನ್ನೂ ಗವಾಕ್ಷಿಯನ್ನೂ ತೆರೆದಿಡುತ್ತಾರೆ.

ಅಜ್ಜ ಅಜ್ಜಿಯರೇ, ಮಕ್ಕಳೇ, ಗಮನಿಸಿ

ಕುಂಡದಲ್ಲಿ ಗಿಡ ಇಟ್ಟರೆ ಸಾಲದೇ ಎಂದು ನನ್ನನ್ನು ಬಹಳ ಜನ ಕೇಳಿದರು. ಗಿಡ ಕಣ್ಣಿಗೆ ತಂಪು, ಇಡಿ. ಆದರೆ 46 ಜನರ ಉಸಿರನ್ನು ಶುದ್ಧ ಮಾಡಲು ನಾಲ್ಕು ಕುಂಡಗಳಿಂದ ಆಗದು. ಗೋಡೆಗೆ ಹಾಕುವ ಸಾಮಾನ್ಯ ಎ.ಸಿ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಏರ್ ಪ್ಯೂರಿಫೈಯರ್ ದೂಳು, ಹೊಗೆಯ ಕಣ ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಇಳಿಸದು. ರೂಮ್ ಫ್ರೆಶ್ನರ್ ವಾಸನೆಯನ್ನು ಮುಚ್ಚುತ್ತದೆ, ಅಷ್ಟೆ.

ಸೀಮೆಸುಣ್ಣದ ಬೋರ್ಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಡಸ್ಟರನ್ನು ಕೋಣೆಯೊಳಗೆ ಕೊಡವಬೇಡಿ. ಕಸ ಗುಡಿಸುವುದು ಮಕ್ಕಳು ಹೋದ ಮೇಲೆ ಆಗಲಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಲಿ. ಗೋಡೆಯಲ್ಲಿ ಬೂಷ್ಟು ಕಂಡರೆ ಬಣ್ಣ ಬಳಿದು ಮುಚ್ಚಬೇಡಿ. ನೀರು ಎಲ್ಲಿಂದ ಸೋರುತ್ತಿದೆ ಎಂದು ನೋಡಿ ಅದನ್ನು ನಿಲ್ಲಿಸಿ.

ಮನೆಯಲ್ಲೂ ಅಷ್ಟೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಮೊಮ್ಮಕ್ಕಳನ್ನು ಮಲಗಿಸುವವರು ಕೇಳಿ. ಒಂದು ಬತ್ತಿ ಪೂರ್ತಿ ಉರಿದರೆ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಇದನ್ನು ಓದಿದ ದಿನವೇ ನಮ್ಮ ಮನೆಗೆ ಸೊಳ್ಳೆ ಪರದೆ ಬಂತು.

ಮೀಟರ್ ಇಲ್ಲದವರಿಗೆ ಮೂಗಿದೆ. ಕೋಣೆಯಲ್ಲೇ ಕೂತ ಮೂಗು ಬಹಳ ಬೇಗ ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದ ಬಿಡುವಿನಲ್ಲಿ ಐದು ನಿಮಿಷ ಹೊರಗೆ ಅಡ್ಡಾಡಿ ಒಳಗೆ ಬನ್ನಿ. ಬಾಗಿಲಲ್ಲೇ ಟಿಫಿನ್ ಡಬ್ಬಿ, ಬೆವರಿನ ಮುಗ್ಗುಲು ವಾಸನೆ ಬಡಿದರೆ ಎದುರುಬದುರಿನ ಕಿಟಕಿ ತೆರೆಯಿರೆಂದು ಟೀಚರನ್ನು ಕೇಳಿ.

ಕೊನೆಯ ನಮೂದು

ಪುಟ್ಟಿಯ ತಲೆನೋವು? ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅವಳು ಚೀಲವನ್ನು ಎಂದಿನಂತೆ ಎಸೆದು, ಮಲಗದೆ, ಸೈಕಲ್ ತೆಗೆದುಕೊಂಡು ಹೋದಳು. ಮತ್ತೆ ಒಂದೆರಡು ಸಲ ತಲೆ ನೋಯಿತು, ಇಲ್ಲವೆನ್ನಲಾರೆ. ಆ ದಿನಗಳಲ್ಲೇ ನೀರಿನ ಬಾಟಲಿ ಖಾಲಿ ಮಾಡಿಕೊಂಡು ಬರಬೇಕೆಂದು ಅವಳಮ್ಮ ಕಟ್ಟುನಿಟ್ಟು ಮಾಡಿದ್ದಳು. ಹಾಗಾಗಿ ಎಲ್ಲವನ್ನೂ ಗಾಳಿಯ ಖಾತೆಗೇ ಜಮಾ ಮಾಡುವುದು ಸರಿಯಲ್ಲ. ಆದರೆ ಡೈರಿಯಲ್ಲಿ ಆ ಸಾಲು ಮತ್ತೆ ಬರಲಿಲ್ಲ. ಟೀಚರ್ ಕೂಡ, "ಸಂಜೆ ಹೊತ್ತಿಗೆ ನನಗೂ ಅಷ್ಟು ಸುಸ್ತಾಗಲ್ಲ ಸರ್" ಎಂದರು.

ಬೀರುವಿನಿಂದ ಮೊಬೈಲ್ ತೆಗೆದು ಕೊಡಲು ಹೋದೆ. ಪುಟ್ಟಿ ತೆಗೆದುಕೊಳ್ಳಲಿಲ್ಲ. ಲೆಡ್ಜರ್ ತಂದು ಕೊನೆಯ ಪುಟ ಬಿಚ್ಚಿ ನನ್ನ ಮುಂದಿಟ್ಟಳು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಅವಳೇ ಬರೆದಿದ್ದಳು: ತಲೆನೋವಿಗೆ ಕಾರಣ ಪುಟ್ಟಿಯ ಸೋಮಾರಿತನ.

"ತಪ್ಪು ನಮೂದು ಇದ್ದರೆ ಏನು ಮಾಡ್ಬೇಕು ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲ ತಾತ?"

ಕನ್ನಡಕ ಹಾಕಿಕೊಂಡೆ. ಕೊನೆಯ ಎರಡು ಪದಗಳ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ "ಮುಚ್ಚಿದ ಕಿಟಕಿ" ಎಂದು ಬರೆದು ಸಹಿ ಹಾಕಿದೆ. ಅವಳು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಆಮೇಲೆ ಮೊಬೈಲ್‌ಗೆ ಕೈ ಚಾಚಿದಳು.